ಹಿಂದಿನ ಬೆಂಚಿನ ಮೇಲೆ ಹೆಡ್ ಮೇಡಂ

ಕಮಲಾಪುರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜೆ ಮತ್ತೆ ಬಸ್ಸಿನಲ್ಲೇ ವಾಪಸು. ವರ್ಷಗಟ್ಟಲೆ ಹೀಗೇ ನಡೆದಿದೆ. ಯಾವ ತಿರುವಿನಲ್ಲಿ ಬಸ್ಸು ಎಷ್ಟು ಎತ್ತಿ ಹಾಕುತ್ತದೆ ಎಂಬುದು ನನ್ನ ಬೆನ್ನಿಗೆ ಗೊತ್ತು.

ಶಾಲೆಯಲ್ಲಿ ನನ್ನ ತರಗತಿಗೆ ಒಂದು ಹೆಸರಿತ್ತು. ಗಣಿತ ಮೇಡಂ ಪಾಠ ಮಾಡುವಾಗ ಹೊರಗಿನ ಬೇವಿನ ಮರದ ಗುಬ್ಬಿಯ ಸದ್ದೂ ಕೇಳುತ್ತದೆ ಎನ್ನುತ್ತಿದ್ದರು. ನನಗೆ ಅದು ಹೆಮ್ಮೆ. ಪಾಠ ಮುಗಿಸಿ, ಡಸ್ಟರ್ ಕೆಳಗಿಟ್ಟು, "ತಿಳೀತೇನು?" ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ "ತಿಳೀತ್ರೀ ಮೇಡಂ" ಎನ್ನುತ್ತಿತ್ತು. ಆ ದನಿ ಎಷ್ಟು ಚೆನ್ನಾಗಿ ಕೂಡಿಬರುತ್ತಿತ್ತೆಂದರೆ ಪ್ರಾರ್ಥನೆಯೂ ಅಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಮಾತ್ರ ತಲೆಗೆ ಕೈ ಹಚ್ಚಿ ಕೂಡುತ್ತಿದ್ದೆ. ಇಷ್ಟು ತಿಳಿದವರು ಹೀಗೇಕೆ ಬರೆದರು ಎಂದು. ಉತ್ತರ ನನಗೂ ಗೊತ್ತಿರಲಿಲ್ಲ. ಹುಡುಕುವ ಗೋಜಿಗೂ ಹೋಗಿರಲಿಲ್ಲ.

ಒಂದು ವರ್ಷ ಜೂನ್‌ನಲ್ಲಿ ಹೊಸ ಹೆಡ್ ಮೇಡಂ ಬಂದರು. ಕನ್ನಡ ಕಲಿಸುತ್ತಲೇ ಬಡ್ತಿ ಪಡೆದವರು, ನಿವೃತ್ತಿಗೆ ಹೆಚ್ಚು ದೂರವಿರಲಿಲ್ಲ. ಹಣೆಯಲ್ಲಿ ತೆಳುವಾದ ವಿಭೂತಿ, ಇಳಕಲ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ನಕ್ಕರೆ ಕಾಂಪೌಂಡಿನ ಆಚೆ ಬಸ್ಸಿಗೆ ಕಾಯುವವರೂ ತಿರುಗಿ ನೋಡಬೇಕು, ಅಂಥ ನಗು. ಅವರ ಮನೆಯೂ ಕಲಬುರಗಿಯಲ್ಲೇ, ಐವಾನ್-ಎ-ಶಾಹಿ ಕಡೆ. ಹೀಗಾಗಿ ಒಂದೇ ಬಸ್ಸಿನಲ್ಲಿ ಹೋಗುವವರಾದೆವು. ಆದರೆ ಮೊದಲ ದಿನಗಳಲ್ಲಿ ನಾನು ಬೇಕೆಂದೇ ಹಿಂದಿನ ಸೀಟು ಹಿಡಿಯುತ್ತಿದ್ದೆ. ಮುಖ್ಯಸ್ಥರ ಪಕ್ಕ ಕುಳಿತು ದಾರಿ ಪೂರ್ತಿ ಮಾತಾಡುವುದೆಂದರೆ ಅರ್ಧ ಡ್ಯೂಟಿಯೇ.

ಒಂದು ದಿನ ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದೆ ಬೆಂಚು ಎಳೆದ ಸದ್ದಾಯಿತು. ಬೈಯಬೇಕೆಂದು ತಿರುಗಿದರೆ ಹೆಡ್ ಮೇಡಂ! ಕೊನೆಯ ಬೆಂಚಿನಲ್ಲಿ ಇಬ್ಬರು ಹುಡುಗಿಯರನ್ನು ಸರಿಸಿ, ಸೀರೆಯ ನೆರಿಗೆ ಮಡಚಿಕೊಂಡು, ಮೊಣಕಾಲು ಬೆಂಚಿಗೆ ತಾಗದಂತೆ ಹೇಗೋ ಕೂತಿದ್ದರು. ಇನ್‌ಸ್ಪೆಕ್ಷನ್ನೇ ಇರಬೇಕು; ಒಂದು ಮಾತು ಮೊದಲೇ ಹೇಳಬಾರದೆ? ದನಿ ಸ್ವಲ್ಪ ಏರಿಸಿ, ಅಕ್ಷರ ಸ್ವಲ್ಪ ದುಂಡಗೆ ಮಾಡಿ ಪಾಠ ಮುಂದುವರಿಸಿದೆ. ಋಣ ಸಂಖ್ಯೆಗಳ ಗುಣಾಕಾರ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಎಂದು ಬರೆದು ಅಡಿಗೆರೆ ಎಳೆದೆ. "ತಿಳೀತೇನು?" ಎಂದೆ.

"ತಿಳೀತ್ರೀ ಮೇಡಂ" ಎಂದರು ಎಲ್ಲರೂ.

ಕೊನೆಯ ಬೆಂಚಿನಿಂದ ಒಂದು ಕೈ ಮೇಲೆ ಬಂತು. ಆ ಕೈಯಲ್ಲಿ ಹಸಿರು ಬಳೆ, ಗಡಿಯಾರ.

"ನನಗ ತಿಳೀಲಿಲ್ರೀ ಮೇಡಂ" ಎಂದರು ಹೆಡ್ ಮೇಡಂ.

ಮಕ್ಕಳೆಲ್ಲ ಹಿಂದಕ್ಕೆ ತಿರುಗಿದರು. ನಾನು ನಗಲು ನೋಡಿದೆ. ಅವರು ನಗುತ್ತಿರಲಿಲ್ಲ.

"ಎರಡು ಮೈನಸ್ಸು ಕೂಡಿ ಪ್ಲಸ್ಸು ಹೆಂಗಾಗ್ತದರಿ? ಸಾಲಿ ಕಲಿವಾಗ ನಾ ಇದನ್ನ ಬಾಯಿಪಾಠ ಮಾಡಿದ್ದೆ. ಯಾಕ ಅಂತ ಇವತ್ತಿನ ತನಕ ತಿಳಿದಿಲ್ಲ."

"ಅದು... ನಿಯಮ ಅದರಿ ಮೇಡಂ" ಎಂದೆ.

"ನಿಯಮ ಅದ ಅನ್ನೂದು ಗೊತ್ತಾತ್ರಿ. ನಿಯಮ ಯಾಕ ಅದ?"

ಇಷ್ಟು ವರ್ಷ ಈ ನಿಯಮವನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೇನೆ. ಯಾರೂ ಹೀಗೆ ಕೇಳಿರಲಿಲ್ಲ. ಗಂಟೆ ಹೊಡೆಯಿತು, ದೇವರು ದೊಡ್ಡವನು. ಹೆಡ್ ಮೇಡಂ ಬೆಂಚಿನಿಂದ ಕಷ್ಟಪಟ್ಟು ಎದ್ದು, ಬಾಗಿಲ ಬಳಿ ನಿಂತು, ಎಲ್ಲ ಮಕ್ಕಳಿಗೂ ಕೇಳುವಂತೆ ಹೇಳಿದರು: "ನಾಳೆ ಹೇಳ್ರಿ ಮೇಡಂ, ಅವಸರ ಇಲ್ಲ. ನಾ ಇದೇ ಬೆಂಚಿಗಿ ಬರ್ತೀನಿ."

ಆ ಸಂಜೆ ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಮಕ್ಕಳೆದುರು ಮರ್ಯಾದೆ ತೆಗೆದರು ಎನಿಸಿತ್ತು. ಅವರು ಮುಂದಿನ ಸೀಟಿನಲ್ಲಿ ಕುಳಿತು ಚುರುಮುರಿ ತಿನ್ನುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಕರೆದರು. ಕೂಡದೆ ವಿಧಿಯಿರಲಿಲ್ಲ.

"ಸಿಟ್ಟಾಗೀರೇನ್ರಿ?" ಎಂದು ಚುರುಮುರಿಯ ಪೊಟ್ಟಣ ಮುಂದೆ ಹಿಡಿದರು. "ನಾ ನಿಮ್ಮನ್ನ ಪರೀಕ್ಷಾ ಮಾಡಾಕ ಬಂದಿದ್ದಿಲ್ರೀ. ಖರೇ ಹೇಳ್ತೀನಿ, ಲೆಕ್ಕ ಅಂದ್ರ ನನಗ ಹುಡುಗಿ ಇದ್ದಾಗಿಂದ ಅಂಜಿಕಿ. ಹತ್ತನೇ ಕ್ಲಾಸಿನಾಗ ಲೆಕ್ಕದಾಗ ಫೇಲಾಗಿ ಮತ್ತ ಕುಂತು ಪಾಸಾದಾಕಿ ನಾನು. ಇನ್ನ ಎರಡು ವರ್ಷದಾಗ ರಿಟೈರ್ ಆಗ್ತೀನಿ. ಅದರಾಗ ಒಂದಿಷ್ಟು ಕಲ್ತು ಹೋಗೋಣ ಅಂತ ಆಸೆ. ಕಲಸ್ತೀರೇನ್ರಿ?"

ಹೀಗೆ ಕೇಳಿದ ಮೇಲೆ ಸಿಟ್ಟು ಎಲ್ಲಿ ಉಳಿಯುತ್ತದೆ? ಇಬ್ಬರೂ ಚುರುಮುರಿ ತಿಂದೆವು.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ಒಬ್ಬ ಗೆಳತಿಗೆ ಫೋನು ಮಾಡಿದೆ, ಅವಳೂ ಗಣಿತದವಳೇ. "ಅದು ನಿಯಮ ಅಲಾ?" ಎಂದಳು! ಕೊನೆಗೆ ಕುಕ್ಕರಿನ ಸೀಟಿ ಎಣಿಸುವುದನ್ನೂ ಮರೆತು, ಹಿಂದಿನ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆಯುತ್ತ ಕೂತೆ. ಬೇಳೆ ಗಂಜಿಯಾಯಿತು, ಆದರೆ ದಾರಿ ಸಿಕ್ಕಿತು.

ಮಾರನೇ ದಿನ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ. ಮೂರನ್ನು ಮೈನಸ್ ಎರಡರಿಂದ ಗುಣಿಸಿದರೆ ಮೈನಸ್ ಆರು. ಎರಡನ್ನು ಗುಣಿಸಿದರೆ ಮೈನಸ್ ನಾಲ್ಕು. ಒಂದನ್ನು ಗುಣಿಸಿದರೆ ಮೈನಸ್ ಎರಡು. ಸೊನ್ನೆಯನ್ನು ಗುಣಿಸಿದರೆ ಸೊನ್ನೆ. "ಉತ್ತರ ಪ್ರತಿ ಸಾಲಿಗೆ ಏನಾಗ್ತಾ ಬಂತು?" ಎಂದು ಕೇಳಿದೆ.

"ಎರಡೆರಡು ಏರ್ಕೋತ ಬಂತ್ರಿ" ಎಂದರು ಮಕ್ಕಳು.

"ಹಾಗಾದರೆ ಸೊನ್ನೆಯ ಕೆಳಗೆ ಮೈನಸ್ ಒಂದು ಬರೆದರೆ?"

ಮಕ್ಕಳು ಬೆರಳು ಮಡಚಿ ಎಣಿಸತೊಡಗಿದರು. ಆಮೇಲೆ ಕೊನೆಯ ಬೆಂಚಿನಿಂದ, ಹಬ್ಬದ ದಿನ ಹೋಳಿಗೆ ಕಂಡವರ ದನಿಯಲ್ಲಿ, "ಪ್ಲಸ್ ಎರಡು! ಯವ್ವಾ, ಪ್ಲಸ್ ಎರಡು ಆಗಬೇಕಲಾ!" ಎಂದು ಹೆಡ್ ಮೇಡಂ ಕೂಗಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನನ್ನ ತರಗತಿಯಲ್ಲಿ ಅಷ್ಟು ದೊಡ್ಡ ಸದ್ದು ಅದೇ ಮೊದಲು. ಪಕ್ಕದ ಕೋಣೆಯ ಸಮಾಜ ವಿಜ್ಞಾನದ ಸರ್ ಏನಾಯಿತೆಂದು ಕಿಟಕಿಯಲ್ಲಿ ಇಣುಕಿ ಹೋದರು.

ಅಂದು ಪಾಠದ ಕೊನೆಗೆ "ತಿಳೀತೇನು?" ಎಂದಾಗ ಆ ಕೂಡಿದ ದನಿ ಬರಲಿಲ್ಲ. ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಅಪ್ಪ ಕೆಂಪು ಬಾಳೆ ಬೆಳೆಯುವವರು. ಅವಳು ಎರಡು ಜಡೆಯ ಸಪ್ಪಗಿನ ಹುಡುಗಿ. ಹಾಜರಿ ಕೂಗುವಾಗ ಬಿಟ್ಟರೆ ಅವಳ ದನಿ ನಾನು ಕೇಳಿರಲಿಲ್ಲ. ಸೆರಗಿಲ್ಲದ ಯೂನಿಫಾರ್ಮಿನ ಮೇಲೆ ಸೆರಗು ಹುಡುಕುವಂತೆ ಕೈಯಾಡಿಸುತ್ತ ಹೇಳಿದಳು: "ಮೇಡಂ, ನನಗ ಅದರ ಹಿಂದಿಂದೇ ತಿಳಿದಿಲ್ರೀ. ಮೈನಸ್ಸು ಅಂದ್ರೇನ್ರಿ? ಇಲ್ಲದ್ದನ್ನ ಹೆಂಗ ಎಣಸ್ತಾರ್ರಿ?"

ತಲೆ ಮೇಲೆತ್ತಿ ಹೆಡ್ ಮೇಡಂ ಕಡೆ ನೋಡಿದೆ. ಅವರು ಹುಡುಗಿಯನ್ನು ಅಕ್ಕರೆಯಿಂದ ನೋಡುತ್ತಿದ್ದರು. ನಾನು ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡಿದೆ. ಆ ವಾರವೆಲ್ಲ ಹಿಂದಕ್ಕೆ ಹೋದೆವು. ಮುಂದಿನ ಪಾಠ ತಡವಾಯಿತು. ಆದರೆ ಒಮ್ಮೆ ಹಿಂದೆ ಹೋಗಿ ಬಂದ ಮೇಲೆ ಓಟ ಬೇರೆಯೇ ಇತ್ತು.

ಹೆಡ್ ಮೇಡಂ ಬರಿಯ ಕೂತು ಕೇಳಿ ಹೋಗುವವರಲ್ಲ. ಕಿರುಪರೀಕ್ಷೆ ಬಂದಾಗ ತಾವೂ ಬರೆದರು. ನಡುನಡುವೆ ಆಫೀಸಿಗೆ ಫೋನು ಬಂತೆಂದು ಜವಾನ ಬಂದು ಕರೆದರೆ, "ಪರೀಕ್ಷಾ ನಡದದ, ಆಮ್ಯಾಲ ಅನ್ನು" ಎಂದು ಕಳಿಸಿದರು. ಉತ್ತರಪತ್ರಿಕೆಗಳನ್ನು ತಿದ್ದಲು ಕೂತಾಗ ನನಗೆ ಪೇಚಾಯಿತು. ಮುಖ್ಯಸ್ಥರನ್ನು ನಪಾಸು ಮಾಡುವುದು ಹೇಗೆ? ಒಂದು ಲೆಕ್ಕದಲ್ಲಿ ವಿಧಾನ ಅರ್ಧಕ್ಕೇ ನಿಂತಿತ್ತು. ಅದಕ್ಕೂ ಪೂರ್ತಿ ಅಂಕ ಕೊಟ್ಟು ಹೇಗೋ ದಡ ಸೇರಿಸಿದೆ.

ಪತ್ರಿಕೆ ಹಂಚಿದ ದಿನ ಅವರು ಕನ್ನಡಕ ಏರಿಸಿ ಸಾಲು ಸಾಲು ನೋಡಿದರು. ಆಮೇಲೆ ಎದ್ದು ಬಂದು ನನ್ನ ಮೇಜಿನ ಮೇಲೆ ಇಟ್ಟರು.

"ಇದು ತಪ್ಪದರಿ ಮೇಡಂ. ಇದಕ್ಕ ಯಾಕ ಮಾರ್ಕು ಹಾಕೀರಿ?"

"ಸ್ಟೆಪ್ ಸರಿ ಇದ್ದವ್ರಿ..." ಎಂದೆ ಮೆಲ್ಲಗೆ.

"ಹಂಗಾದ್ರ ಎಲ್ಲಾ ಹುಡುಗರ್ದೂ ಹಂಗೇ ತಿದ್ದೀರೇನು?"

ನಾನು ಕೆಂಪು ಪೆನ್ನು ತೆಗೆದು ಅಂಕ ಕಡಿಮೆ ಮಾಡಿದೆ. ಹೆಡ್ ಮೇಡಂ ನಪಾಸಾದರು. ಅವರು ಪತ್ರಿಕೆ ಮೇಲೆತ್ತಿ ಇಡೀ ತರಗತಿಗೆ ತೋರಿಸಿ, "ನೋಡ್ರಿ, ನಾ ಫೇಲು. ಯಾರು ಯಾರು ನನ್ನ ಜೋಡಿ ಅದೀರಿ? ಊಟ ಆದ ಮ್ಯಾಲ ಬೇವಿನ ಗಿಡದ ಬುಡಕ ಬರ್ರಿ. ಕೂಡಿ ಕುಂತು ಮತ್ತ ಮಾಡೋಣ" ಎಂದರು. ಮೊದಲೆಲ್ಲ ಕಡಿಮೆ ಅಂಕದ ಪತ್ರಿಕೆ ಮಡಚಿ ಮಡಚಿ ಚೀಲದ ತಳ ಸೇರುತ್ತಿತ್ತು. ಅಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಮಕ್ಕಳು ತಂತಮ್ಮ ಪತ್ರಿಕೆ ಬಿಚ್ಚಿ ಹರವಿಕೊಂಡು, "ನೀ ಎಲ್ಲಿ ತಪ್ಪೀದಿ? ನಾನೂ ಅಲ್ಲೇ ತಪ್ಪೀನಿ" ಎಂದು ಹೋಲಿಸಿ ನೋಡುತ್ತಿದ್ದರು. ಪಾಸಾದವರೂ ಸುಮ್ಮನೆ ಬಂದು ಸೇರಿಕೊಂಡರು, ಅಲ್ಲಿ ಗಮ್ಮತ್ತು ಇದೆಯೆಂದು.

ಶಿಕ್ಷಕರ ಕೋಣೆಯಲ್ಲಿ ಇದೆಲ್ಲ ಮೊದಮೊದಲು ಚಹಾದ ಜೊತೆ ನೆಂಚಿಕೊಳ್ಳುವ ವಿಷಯವಾಗಿತ್ತು. ಸಮಾಜ ವಿಜ್ಞಾನದ ಸರ್, "ನಾಳಿಗಿ ನನ್ನ ಪಾಠಕ್ಕ ಬಂದ್ರ ನಾ ರಜಾ ಹಾಕ್ತೀನಿ" ಎಂದು ನಗುತ್ತಿದ್ದರು. ಆದರೆ ಅವರಿಗೂ ಒಂದು ಗುಟ್ಟಿತ್ತು. ಎಲ್ಲರಿಗೂ ಇತ್ತು, ಅದೇ ಗುಟ್ಟು. ಒಂದು ಕೋಣೆಯಲ್ಲಿ ಸ್ಮಾರ್ಟ್ ಬೋರ್ಡು ಬಂದು ವರ್ಷದ ಮೇಲಾಗಿತ್ತು. ಅದಕ್ಕೆ ಹಳೆಯ ಮೇಜುಹಾಸು ಹೊದಿಸಿ ಇಟ್ಟಿದ್ದೆವು. ಯಾರಾದರೂ ಕೇಳಿದರೆ "ಕೆಟ್ಟದ" ಎನ್ನುತ್ತಿದ್ದೆವು. ಕೆಟ್ಟಿರಲಿಲ್ಲ. ನಮಗೆ ಯಾರಿಗೂ ಹಚ್ಚಲು ಬರುತ್ತಿರಲಿಲ್ಲ, ಅಷ್ಟೇ. ಒಂದು ಶನಿವಾರ ಹೆಡ್ ಮೇಡಂ ನಮ್ಮನ್ನೆಲ್ಲ ಅಲ್ಲಿ ಸೇರಿಸಿ ಬೋರ್ಡಿನ ಮೇಲಿನ ಹಾಸು ತೆಗೆದರು. "ಇದು ನನಗ ಬರಂಗಿಲ್ರಿ. ಯಾರಿಗರ ಬರ್ತದೇನು?" ಎಂದರು. ಸಮಾಜ ವಿಜ್ಞಾನದ ಸರ್ ಕೆಮ್ಮಿ, "ನನಗೂ ಬರಂಗಿಲ್ರಿ" ಎಂದರು. ಆಮೇಲೆ ಕಟ್ಟೆ ಒಡೆದಂತೆ ಎಲ್ಲರೂ ಒಪ್ಪಿಕೊಂಡೆವು. ಆ ಮಧ್ಯಾಹ್ನ ಒಬ್ಬರು ಒತ್ತುವುದು, ಇನ್ನೊಬ್ಬರು "ಅದಲ್ರೀ, ಕೆಳಗಿಂದು" ಎನ್ನುವುದು, ನಡುವೆ ಭೂಪಟದ ಬದಲು ಯಾರದೋ ಭಾಷಣ ಜೋರಾಗಿ ಹತ್ತಿಕೊಂಡು ನಿಲ್ಲಿಸಲು ಬಾರದೆ ಓಡಾಡಿದ್ದು, ಇಷ್ಟರಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಹೊರಡುವಾಗ ಬೋರ್ಡಿನ ಮೇಲೆ ಭೂಮಿ ತಿರುಗುತ್ತಿತ್ತು. ಸಮಾಜ ವಿಜ್ಞಾನದ ಸರ್ ಅದನ್ನು ಬೆರಳಿನಿಂದ ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಊರಲ್ಲಿ ಮಾತು ಬೇರೆ ಥರ ಹಬ್ಬಿತು. ಸಂತೆಯ ಮಾರನೇ ದಿನ ಆ ಎರಡು ಜಡೆಯ ಹುಡುಗಿಯ ಅಪ್ಪ ಶಾಲೆಗೆ ಬಂದರು. ಎತ್ತರದ ಆಳು, ಬಿಳಿ ಅಂಗಿ, ಹೆಗಲ ಮೇಲೆ ಟವೆಲಿನಂಥ ವಲ್ಲಿ. ಕೂಡಿರೆಂದರೂ ಕೂಡಲಿಲ್ಲ. ನಾನು ಯಾವುದೋ ಸಹಿಗೆಂದು ಹೆಡ್ ಮೇಡಂ ಎದುರು ನಿಂತಿದ್ದೆ.

"ಸಂತ್ಯಾಗ ಮಂದಿ ನಗಾಕತ್ತಾರ್ರಿ" ಎಂದರು. "ಹೆಡ್ ಮೇಡಂಗೇ ಲೆಕ್ಕ ಬರಂಗಿಲ್ಲಂತ. ಹುಡುಗರ ಜೋಡಿ ಕುಂತು ಫೇಲಾಗ್ಯಾರಂತ. ಖರೇ ಏನ್ರಿ?"

"ಖರೇ ಅದರಿ" ಎಂದರು ಹೆಡ್ ಮೇಡಂ.

ಇಲ್ಲ ಎನ್ನುತ್ತಾರೆಂದು ಅಪ್ಪ ಮುಂದಿನ ಮಾತು ಜೋಡಿಸಿಕೊಂಡು ಬಂದಿದ್ದರು. ಅದು ಉಪಯೋಗಕ್ಕೆ ಬರಲಿಲ್ಲ. "ಮತ್ತ... ಹಿಂಗಾದ್ರ ನಮ್ಮ ಮಕ್ಕಳು ಏನ ಕಲೀಬೇಕ್ರಿ?" ಎಂದರು.

"ಬರ್ರಿ, ಈಗ ಲೆಕ್ಕದ ಪಾಠನೇ ಅದ. ನೋಡೀರಂತ."

ಹೀಗೆ ಆ ದಿನ ಕೊನೆಯ ಬೆಂಚಿನಲ್ಲಿ ಇಬ್ಬರು ದೊಡ್ಡವರು. ಅಪ್ಪನನ್ನು ಕಂಡು ಹುಡುಗಿಯ ಮುಖ ಇಷ್ಟೇ ಆಯಿತು. ಪಾಠ ಮುಗಿಸಿ ಬೋರ್ಡಿನ ಲೆಕ್ಕ ಬಿಡಿಸಲು ಯಾರು ಬರುತ್ತೀರಿ ಎಂದಾಗ, ಅವಳು ಇವತ್ತು ಏಳುವುದಿಲ್ಲ ಎಂದುಕೊಂಡೆ. ಎದ್ದು ಬಂದಳು. ಎರಡು ಸಾಲು ಬರೆದು ನಿಂತಳು. ಚಾಕ್‌ಪೀಸು ಬೆರಳಲ್ಲಿ ಹೊರಳಿಸಿದಳು. ಅಪ್ಪನ ಕಡೆ ನೋಡಲಿಲ್ಲ.

"ಮೇಡಂ, ಇಲ್ಲಿಂದ ಮುಂದ ನನಗ ತಿಳೀವಲ್ದರಿ."

ಹಿಂದೆ ಅಪ್ಪನ ತಲೆ ಬಗ್ಗಿತು. ನಾನು ಆ ಹಂತವನ್ನು ಇನ್ನೊಂದು ರೀತಿಯಲ್ಲಿ ಹೇಳಿದೆ. ಅವಳು ಮಧ್ಯದಲ್ಲೇ ನನ್ನನ್ನು ತಡೆದು ಕೇಳಿದಳು: "ಹಂಗಾದ್ರ ಇದನ್ನ ಆ ಕಡೆ ಒಯ್ದ್ರ ಇದರ ಗುರ್ತು ಬದಲಾಗ್ತದೇನ್ರಿ?" ಹೌದೆಂದೆ. ಆಮೇಲೆ ಚಾಕ್‌ಪೀಸು ನಿಲ್ಲಲಿಲ್ಲ. ಉತ್ತರ ಬರೆದು, ಒಮ್ಮೆ ತಾನೇ ತಾಳೆ ನೋಡಿ, ಕೈ ಝಾಡಿಸಿಕೊಂಡು ಹೋಗಿ ಕೂತಳು.

ಹೊರಗೆ ಬಂದಾಗ ಅಪ್ಪ ವಲ್ಲಿಯಿಂದ ಮುಖ ಒರೆಸಿಕೊಂಡರು. "ಮನ್ಯಾಗ ನನ್ನ ಮುಂದ ಬಾಯೇ ಬಿಡಂಗಿಲ್ರೀ ಇಕಿ. ಇಲ್ಲಿ ಮೇಡಂಗ ತಡದು ನಿಂತು ಕೇಳ್ತಾಳಲ್ರೀ" ಎಂದರು. ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಮುಂದಿನ ವಾರ ಶಿಕ್ಷಕರ ಕೋಣೆಗೆ ಕೆಂಪು ಬಾಳೆಯ ಗೊನೆಯೊಂದು ಬಂತು. ಅವರು ಸಂತೆಯಲ್ಲಿ ಯಾರೋ ಮತ್ತೆ ನಕ್ಕಾಗ, "ಹೌದು, ನಮ್ಮ ಹೆಡ್ ಮೇಡಂಗ ಲೆಕ್ಕ ಬರಂಗಿಲ್ಲ. ಕಲ್ಯಾಕತ್ತಾರ. ನೀ ಏನ್ ಕಲ್ಯಾಕತ್ತೀದಿ?" ಎಂದು ಕೇಳಿದರಂತೆ. ಆ ಮಾತು ನಮ್ಮ ಶಾಲೆಗೆ ಬಾಳೆಗೊನೆಗಿಂತ ಮೊದಲೇ ಬಂದು ಮುಟ್ಟಿತ್ತು.

ನಾನು ಇದನ್ನೆಲ್ಲ ದಿನಾ ಮನೆಯಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯವರು ಕಲಬುರಗಿಯಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಪುಂಡಿಪಲ್ಯದ ಜೊತೆ ರೊಟ್ಟಿ ಮುರಿಯುತ್ತ ಕೇಳುತ್ತಿದ್ದರು, ನಗುತ್ತಿದ್ದರು. ಒಮ್ಮೆ ನಾನು, "ನಿಮ್ಮ ಆಫೀಸಿನಾಗ ಯಾರರ ಹಿಂಗ ಅಂತಾರೇನ್ರಿ, ತಿಳೀಲಿಲ್ಲ ಅಂತ?" ಎಂದೆ.

"ಹುಚ್ಚಿ ಅದೀ ಏನು? ಆಫೀಸಿನಾಗ ಹಂಗಂದ್ರ ಮರ್ಯಾದಿ ಉಳೀತದೇನು?"

ಆದರೆ ಅವರ ಕಚೇರಿಯ ಕಥೆ ನನಗೆ ಗೊತ್ತಿತ್ತು. ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿದ್ದವು. ಒಂದು ದಿನ ತರಬೇತಿ ಅಂತ ಆಗಿತ್ತು. ಎಲ್ಲರೂ ಚಹಾ ಕುಡಿದು, ತಲೆಯಾಡಿಸಿ ಬಂದಿದ್ದರು. ಅಂದಿನಿಂದ ಇಡೀ ವಿಭಾಗದವರು ಕಂಪ್ಯೂಟರ್ ಆಪರೇಟರ್ ಹುಡುಗಿಯ ಮೇಜಿನ ಸುತ್ತ ನಿಂತಿರುತ್ತಿದ್ದರು. ಅವಳು ರಜೆ ಹಾಕಿದ ದಿನ ಕಚೇರಿಗೇ ರಜೆ. ನಮ್ಮ ಮನೆಯವರು ಸಂಜೆ ಬಂದು ಕಾರಣವಿಲ್ಲದೆ ಸಿಡುಕಿದರೆ, ಇವತ್ತು ಆಪರೇಟರ್ ಬಂದಿಲ್ಲ ಎಂದು ನಾನೇ ತಿಳಿದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಸಿಡುಕಲಿಲ್ಲ. ಚಪ್ಪಲಿ ಬಿಡುತ್ತಲೇ ಕರೆದರು: "ಏ, ಇಲ್ಲಿ ಬಾ. ಇವತ್ತ ನಿಮ್ಮ ಹೆಡ್ ಮೇಡಂ ಮಾತು ನಾ ಆಡಿ ಬಂದೆ."

ಆದದ್ದು ಇಷ್ಟು. ಮೀಟಿಂಗಿನಲ್ಲಿ ಸಾಹೇಬರು, ಕಡತಗಳು ಏಕೆ ತಡವಾಗುತ್ತಿವೆ ಎಂದು ಕೇಳಿದ್ದಾರೆ. ಒಬ್ಬರು ನೆಟ್‌ವರ್ಕ್ ಇಲ್ಲ ಎಂದರು, ಒಬ್ಬರು ಕರೆಂಟು ಎಂದರು, ಇನ್ನೊಬ್ಬರು ಸಿಬ್ಬಂದಿ ಕೊರತೆ ಎಂದರು. ಸರದಿ ಇವರಿಗೆ ಬಂತು. ಇವರೂ ನೆಟ್‌ವರ್ಕ್ ಎನ್ನಲೆಂದು ಬಾಯಿ ತೆರೆದವರು, "ಸರ್, ನನಗ ಅದು ಬರಂಗಿಲ್ರಿ" ಎಂದುಬಿಟ್ಟರು.

"ಆಮ್ಯಾಲ?" ಎಂದೆ, ಹಿಟ್ಟಿನ ಕೈಯಲ್ಲೇ ನಿಂತು.

"ಆಮ್ಯಾಲೇನು, ಸಾಹೇಬರು ಪೆನ್ನು ಕೆಳಗಿಟ್ಟು ನನ್ನನ್ನ ನೋಡಿದ್ರು. ಆದರ ಬಾಜೂಕ ಕುಂತಾವ ನನಗಿಂತ ಸೀನಿಯರು, ಮೆಲ್ಲಕ ಅಂತಾನ, ನನಗೂ ಬರಂಗಿಲ್ರಿ ಸರ್ ಅಂತ. ಅವನ ಹಿಂದ ಇನ್ನೊಬ್ಬಾಂವ. ಸಾಹೇಬರು ನಗಬೇಕೋ ಬೈಬೇಕೋ ತಿಳೀದ, ಆಪರೇಟರ್ ಹುಡುಗೀಗಿ ಕರದು, ಇವರಿಗೆಲ್ಲ ಕಲಸವಾ ಅಂದ್ರು. ಆ ಹುಡುಗಿ ಏನಂದ್ಲು ಗೊತ್ತೇನು? 'ಸರ್, ನನಗೂ ಅರ್ಧಾನೇ ಬರ್ತದರಿ, ಉಳಿದಿದ್ದು ಅಂದಾಜಿನ ಮ್ಯಾಲ ಒತ್ತತೀನಿ' ಅಂದ್ಲು!"

ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಅಂದಿನಿಂದ ಅವರ ಕಚೇರಿಯಲ್ಲಿ ಊಟದ ಹೊತ್ತು ಮುಗಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಒಂದೇ ಕಂಪ್ಯೂಟರಿನ ಮುಂದೆ ಸೇರುವ ರೂಢಿ ಬಿತ್ತು. ಗೊತ್ತಿದ್ದವರು ಗೊತ್ತಿದ್ದಷ್ಟು ತೋರಿಸುವುದು. ಯಾರಿಗೂ ಗೊತ್ತಿಲ್ಲದ್ದನ್ನು ಬೆಂಗಳೂರಿಗೆ ಫೋನು ಹಚ್ಚಿ ಕೇಳುವುದು. ಎಲ್ಲವೂ ನೆಟ್ಟಗಾಯಿತು ಎಂದು ಹೇಳಲಾರೆ. ಒಬ್ಬರು ಮಾತ್ರ ಕೊನೆಯವರೆಗೂ ಬರಲೇ ಇಲ್ಲ. ತಮಗೆ ಎಲ್ಲ ಬರುತ್ತದೆಂದೇ ಹೇಳುತ್ತ ನಿವೃತ್ತರಾದರು. ಕೆಲವೊಮ್ಮೆ ಕಡತ ಈಗಲೂ ತಡವಾಗುತ್ತದೆ. ಆದರೆ ನಮ್ಮ ಮನೆಯವರು ಸಂಜೆ ಬಂದು ನನಗೆ ಕಲಿಸಲು ಕೂಡುತ್ತಾರೆ, "ನಿನ್ನ ಸಾಲಿ ಮಾಹಿತಿ ತುಂಬೂದು ಹೆಂಗ ಗೊತ್ತದೇನು, ತಾ ಇಲ್ಲಿ" ಎಂದು. ಆ ಗತ್ತು ಸಹಿಸುವುದು ಸುಲಭವಲ್ಲ.

ನಾನೂ ಏನಾದರೂ ಹೊಸದು ಕಲಿಯಬೇಕೆಂಬ ಆಸೆ ಹುಟ್ಟಿದ್ದು ಆ ದಿನಗಳಲ್ಲೇ. ನಮ್ಮ ಬಸ್ಸಿನಲ್ಲಿ ಉರ್ದು ಶಾಲೆಯ ಶಿಕ್ಷಕಿಯೊಬ್ಬರು ಬರುತ್ತಿದ್ದರು. ಹುಟ್ಟಿದಾಗಿನಿಂದ ಕಲಬುರಗಿಯ ಅಂಗಡಿಗಳ ಮೇಲೆ ಆ ಅಕ್ಷರ ನೋಡಿದ್ದೇನೆ. ಒಂದೂ ಓದಲು ಬಾರದು. ಕಲಿಸುತ್ತೀರಾ ಎಂದು ಕೇಳಿದೆ. "ಜರೂರ್ ರೀ, ಆದರ ಬಲಗಡೆಯಿಂದ ಸುರು ಮಾಡಬೇಕ್ ನೋಡ್ರಿ" ಎಂದರು. ಬಸ್ಸಿನ ಎತ್ತೆಸೆತದಲ್ಲಿ ನಾನು ಬರೆದ ಅಕ್ಷರ ನೋಡಿ ಅವರು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಚುಕ್ಕೆ ಮೇಲಿದ್ದರೆ ಒಂದು, ಕೆಳಗಿದ್ದರೆ ಇನ್ನೊಂದು. ನಿನ್ನೆ ಕಲಿತದ್ದು ಇವತ್ತು ಮರೆತುಹೋಗುತ್ತಿತ್ತು. "ನಿನ್ನೇನೇ ಹೇಳಿದ್ನೆಲ್ರೀ" ಎಂದು ಅವರೊಮ್ಮೆ ಅಂದಾಗ, ಈ ಮಾತನ್ನು ನಾನು ತರಗತಿಯಲ್ಲಿ ದಿನಾ ಆಡುತ್ತೇನಲ್ಲ, ಕೇಳಿಸಿಕೊಳ್ಳುವವರಿಗೆ ಹೀಗನಿಸುತ್ತದೆಯೇ ಎಂದು ಮೊದಲ ಸಲ ಹೊಳೆಯಿತು. ಆಮೇಲೆ ತರಗತಿಯಲ್ಲಿ ಆ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿಕೊಳ್ಳುತ್ತೇನೆ. ಪ್ರತಿ ಸಲ ಆಗುವುದಿಲ್ಲ. ಕಲಬುರಗಿ ಸಮೀಪಿಸುತ್ತಿದ್ದ ಒಂದು ಸಂಜೆ ಕಿಟಕಿಯಾಚೆ ಒಂದು ಹೋಟೆಲಿನ ಹಲಗೆ ಕಂಡಿತು. ಅಕ್ಷರಗಳು ಒಂದನ್ನೊಂದು ಕೈಹಿಡಿದು ಬಂದು, ತಟ್ಟನೆ "ಚಾಯ್" ಎಂದಾದವು. "ಚಾಯ್! ಚಾಯ್!" ಎಂದು ಕೂಗಿದೆ. ಕಂಡಕ್ಟರು, "ಬಸ್ಸಿನಾಗ ಸಿಗಂಗಿಲ್ರೀ ಮೇಡಂ, ಸ್ಟ್ಯಾಂಡಿನಾಗ ಕುಡೀರಿ" ಎಂದರು.

ವಾರ್ಷಿಕ ಪರೀಕ್ಷೆಯಲ್ಲಿ ಹೆಡ್ ಮೇಡಂ ಪಾಸಾದರು. ದೊಡ್ಡ ಅಂಕವೇನಲ್ಲ, ಆದರೆ ಒಂದೂ ನಾನು ಕೈ ಎತ್ತಿ ಕೊಟ್ಟದ್ದಲ್ಲ. ಎರಡು ಜಡೆಯ ಹುಡುಗಿ ಅವರಿಗಿಂತ ಬಹಳ ಮುಂದಿದ್ದಳು. ಅವರು ಅವಳ ಬೆನ್ನು ತಟ್ಟಿ, "ಮುಂದಿನ ವರ್ಷ ನಿನಗ ಬಿಡಂಗಿಲ್ಲ ನೋಡು" ಎಂದರು. ಮುಂದಿನ ವರ್ಷ ಒಂಬತ್ತನೇ ತರಗತಿಗೂ ಬಂದು ಕೂತರು. ಅದಾದ ಮೇಲೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅತ್ತದ್ದು ನಾವು. ಅವರು ಮೇಜಿನ ಮೇಲಿನ ಮಿರ್ಚಿ ಭಜಿ ತಣ್ಣಗಾಗುತ್ತಿದೆ ಎಂದು ನಮ್ಮನ್ನು ಗದರಿಸಿದರು.

ಮೊನ್ನೆ ಭಾನುವಾರ ಬೆಳಿಗ್ಗೆ ಅವರನ್ನು ಮಾತಾಡಿಸಲು ಐವಾನ್-ಎ-ಶಾಹಿ ಕಡೆ ಹೋಗಿದ್ದೆ. ಮನೆಯ ಮುಂದಿನ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟಿಯ ಮೇಲೆ ಕೂತಿದ್ದರು. ಸೊಸೆ ಗೇಟಿನಲ್ಲಿ ನಿಂತು, "ಅತ್ತೀ, ಬ್ರೇಕು, ಬ್ರೇಕು ಮ್ಯಾಲ ಕೈ ಇಡ್ರಿ" ಎನ್ನುತ್ತಿದ್ದಳು. ನನ್ನನ್ನು ಕಂಡು ಹೆಡ್ ಮೇಡಂ ಮುಖ ಅರಳಿಸಿದರು.

"ಬರ್ರಿ ಬರ್ರಿ, ಹಿಂದ ಕುಂದರ್ರಿ. ಕಾಯಿಪಲ್ಲೆ ತರೂಣು."

ಕಾಯಿಪಲ್ಲೆಯ ಗಾಡಿ ಎದುರಿಗೇ, ಬಲಗಡೆಯ ತಿರುವಿನಲ್ಲಿ ಕಾಣುತ್ತಿತ್ತು. ಅಂಜುತ್ತಲೇ ಹಿಂದೆ ಕೂತೆ. ಸ್ಕೂಟಿ ಒಮ್ಮೆ ಜಿಗಿದು ಹೊರಟಿತು. ಅವರು ಬಲಕ್ಕೆ ಹೋಗದೆ ಎಡಕ್ಕೆ ತಿರುಗಿಸಿದರು.

"ಮೇಡಂ, ಬಲಕ್ಕ ಅಲ್ರೀ!"

"ಬಲಕ್ಕ ತಿರಗಿಸೂದು ಇನ್ನೂ ಬರಂಗಿಲ್ರಿ" ಎಂದರು, ಕಣ್ಣು ರಸ್ತೆಯಿಂದ ಕೀಳದೆ. "ಎಡಕ್ಕ ಅಷ್ಟ ಕಲ್ತೀನಿ. ಎಡಕ್ಕ ತಿರಗಿ, ಮತ್ತ ಎಡಕ್ಕ ತಿರಗಿ ಹ್ವಾದ್ರ ಅಲ್ಲೇ ಹೋಗಿ ಮುಟ್ತೀವಿ. ಗಟ್ಟಿ ಹಿಡ್ಕೋರಿ."

ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇಡೀ ಬಡಾವಣೆಯನ್ನು ಎಡಗಡೆಯಿಂದಲೇ ಸುತ್ತಿ ಬಂದೆವು. ಒಂದು ನಾಯಿ ನಮ್ಮನ್ನು ನೋಡಿ ದಾರಿ ಬಿಟ್ಟಿತು. ಗಾಡಿಯವನ ಮುಂದೆ ಬಂದು ನಿಂತಾಗ ಅವರು ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಮೆಂತ್ಯೆ ಸೊಪ್ಪಿನ ಕಟ್ಟು ಎತ್ತಿ ಮೂಸಿ ನೋಡಿ ಚೌಕಾಸಿಗೆ ನಿಂತರು.